ಆರುನೂರ ಹನ್ನೆರಡನೆಯ ಸ್ಲೀಪರ್

ಜನವರಿ 13, ಭಾನುವಾರ

ಮುಂದಿನ ತಲೆಮಾರುಗಳ ತಿಳಿವಳಿಕೆಗಾಗಿ ಈ ದಾಖಲೆಯನ್ನು ಆರಂಭಿಸಲಾಗಿದೆ. ಮೊದಲಿಗೆ ನಿಧನ ವಾರ್ತೆ.

"ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ, ಇಪ್ಪತ್ತು ವರ್ಷದ ಕುಮಾರಿ ಬ್ರೋನಾ ಕೀವನಿಯ ಕಾಲೇಜು ಜೀವನವು ಕಳೆದ ಮಂಗಳವಾರ ಪ್ರಾಂಶುಪಾಲರ ಕೊಠಡಿಯಲ್ಲಿ, ಹತ್ತು ನಿಮಿಷಗಳ ಅಸ್ವಸ್ಥತೆಯ ನಂತರ, ತಾಯಿಯ ಸಮ್ಮುಖದಲ್ಲಿ ಕೊನೆಯುಸಿರೆಳೆಯಿತು. ದಯವಿಟ್ಟು ಹೂವು ಬೇಡ."

ಮರಣದ ಕಾರಣ: ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನಮ್ಮ ಜಿಲ್ಲೆಯ ರೇಡಿಯೊದಲ್ಲಿ ಸತ್ತವರ ಹೆಸರು ಓದುತ್ತಾರೆ. ಆಗ ಇಡೀ ಜಿಲ್ಲೆ ಚಮಚ ಕೆಳಗಿಡುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಅದನ್ನು ಓದುವ ಕನ್ಸೆಪ್ಟಾ ಮೇಡಂಗೆ ಗದ್ಗದ ಕಂಠದಲ್ಲಿ ಫೋನ್ ಮಾಡಿ, ನಮ್ಮ ಗಣಿತದ ಮೇಷ್ಟ್ರು ಹ್ಯಾನ್ರಾಟಿಯವರು ತೀರಿಕೊಂಡರೆಂದು ಬರೆಸಿದೆ. ಮಧ್ಯಾಹ್ನದೊಳಗೆ ಅವರ ಮನೆಗೆ ನಲವತ್ತು ಜನ, ಸಾವಿನ ಮನೆಗೆ ಒಯ್ಯುವ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬಂದರು. ಬಾಗಿಲು ತೆಗೆದವರು ಮೇಷ್ಟ್ರೇ. ಅವರ ತೊಂಬತ್ತು ವರ್ಷದ ತಾಯಿ ರೇಡಿಯೊ ಕೇಳಿ ಸ್ವಲ್ಪ ಬಿದ್ದರಂತೆ. ಈಗ ಎದ್ದಿದ್ದಾರೆ. ಎಲ್ಲರೂ ಈ ತಾಯಿಯ ಭಾಗವನ್ನೇ ಪದೇ ಪದೇ ಹೇಳುತ್ತಾರೆ, ಸ್ಯಾಂಡ್‌ವಿಚ್ ಭಾಗವನ್ನು ಯಾರೂ ಎತ್ತುವುದಿಲ್ಲ.

ಶಿಕ್ಷೆ: ಒಂದು ವರ್ಷ ಅಮಾನತು, ಜೊತೆಗೆ ತಾತ.

"ತಾತನ ಕಣ್ಣು ಮಂಜಾಗಿದೆ, ಕೈ ನಡುಗುತ್ತೆ," ಎಂದಳು ಅಮ್ಮ ಕಾರಿನಲ್ಲಿ. "ನಿನ್ನ ಕೈಗೇನೂ ದಾಡಿ ಇಲ್ಲ. ಹೋಗಿ ಅವರ ರೈಲು ಮುಗಿಸಿಕೊಡು."

"ರೈಲು ಮುಗಿದು ನಲವತ್ತು ವರ್ಷ ಆಯ್ತಲ್ಲಮ್ಮ."

ಅಮ್ಮನ ಹೆಸರು ಡಿಂಪ್ನಾ. ಕೋಪ ಬಂದಾಗ ಗೇರು ಬದಲಾಯಿಸುತ್ತಾಳೆ, ಬದಲಾಯಿಸಲು ಗೇರು ಇಲ್ಲದಿದ್ದರೂ.

ತಾತ, ಅಂದರೆ ಮಲಕಿ ಗಿಲ್‌ಹೂಲಿ, ಎಂಬತ್ತೆರಡು ವರ್ಷ, ಕ್ಲೂನ್‌ಬರಾ ಊರಾಚೆಯ ರೈಲ್ವೆ ಗೇಟಿನ ಮನೆಯಲ್ಲಿ ಒಬ್ಬನೇ ಇದ್ದಾನೆ. ಹಳಿ ಕಿತ್ತುಕೊಂಡು ಹೋಗಿದ್ದಾರೆ. ಗೇಟು ಉಳಿದಿದೆ. ಆ ಹಳಿಯ ಗ್ಯಾಂಗ್‌ಮನ್ ಆಗಿ ಅವನು ದಿನಾ ನಾಲ್ಕು ಮೈಲಿ ನಡೆದು ಒಂದೊಂದು ಮೊಳೆ ತಟ್ಟಿ ನೋಡುತ್ತಿದ್ದ. ಎರಡು ವರ್ಷದ ಹಿಂದೆ ನೋರಾ ಅಜ್ಜಿ ಹೋದಮೇಲೆ, ಅದೇ ಹಳಿಯ ಒಂದು ತುಂಡನ್ನು ಹುಲ್ಲಿನ ಕೊಟ್ಟಿಗೆಯಲ್ಲಿ ಚಿಕ್ಕದಾಗಿ ಕಟ್ಟುತ್ತಿದ್ದಾನೆ. ಹಲಗೆಯ ಮೇಲೆ ಕೊಟ್ಟಿಗೆಯುದ್ದಕ್ಕೂ ಗದ್ದೆ, ಕಲ್ಲುಗೋಡೆ, ಜೌಗು, ಕಿರುಬೆರಳಿನಷ್ಟು ಕುರಿ. ಹಳಿಯಡಿಯ ಒಂದೊಂದು ಸ್ಲೀಪರಿಗೂ, ಅಂದರೆ ಅಡ್ಡದಿಮ್ಮಿಗೂ, ಒಂದು ಬೆಂಕಿಕಡ್ಡಿ. ಒಂದೂ ಕಡಿಮೆಯಿಲ್ಲ, ಒಂದೂ ಹೆಚ್ಚಿಲ್ಲ.

ಆ ಇಡೀ ದೇಶಕ್ಕೆ ಪ್ರಜೆ ಒಬ್ಬಳೇ. ಹಳಿಯ ಪಕ್ಕ ನಿಂತ ನೀಲಿ ಕೋಟಿನ ಹೆಂಗಸು. ಮುಖ ಬರೆದಿಲ್ಲ.

ಜನವರಿ 15

ಇಂದು ಒಂದು ಬೆಟ್ಟ ಸೃಷ್ಟಿಸಿದೆ. ಊಟದ ಹೊತ್ತಿಗೆ ಮುಗಿಯಿತು. ಅದು ಚೆನ್ನಾಗಿದೆ ಎಂದು ನಾನೇ ಕಂಡೆ.

ಕೋಳಿಗೂಡಿನ ಜಾಲರಿ ಬಗ್ಗಿಸಿ, ಮೇಲೆ ಒದ್ದೆ ಪತ್ರಿಕೆ ಹೊದಿಸಿ, ಪ್ಲಾಸ್ಟರ್ ಬಳಿದು, ಹಳೆಯ ರೈಲುಮೊಳೆಯೊಂದರ ತಲೆಯಿಂದ ತಟ್ಟಿ ಕೂರಿಸಬೇಕು. ಹೆಬ್ಬೆರಳು ದಪ್ಪದ, ಚೌಕ ತಲೆಯ ಮೊಳೆ. ತಾತನಿಗೆ ಸುತ್ತಿಗೆ, ಕಾಗದ ಒತ್ತುವ ಭಾರ, ಬಾಗಿಲ ಅಡ್ಡಗೋಲು ಎಲ್ಲಾ ಅದೇ. ಪ್ಲಾಸ್ಟರ್ ಒಣಗಿದ ಮೇಲೆ, ಒಲೆಗೆ ಹಾಕುವ ಜೌಗುಮಣ್ಣಿನ ಹೆಂಟೆಯನ್ನು ಪುಡಿಮಾಡಿ ಎರಚಿದರೆ ನೆಲ. ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಕುದಿಸಿದರೆ ಹುಲ್ಲು. ಗೋಡೆಗೆ ಮಾತ್ರ ಕಲ್ಲುಚೂರು ಒಂದೊಂದಾಗಿ ಚಿಮಟಿಗೆಯಲ್ಲಿ ಎತ್ತಿಡಬೇಕು.

"ಸಂದಿ ಬಿಡು," ಎಂದ ತಾತ. ಅವನಿಗೆ ನೋಟದ ನಡುಭಾಗ ಕಾಣಿಸುವುದಿಲ್ಲ, ಅಂಚಿನಲ್ಲಷ್ಟೇ ಕಾಣುತ್ತದೆ. ಹಾಗಾಗಿ ಗೋಡೆ ನೋಡಬೇಕಾದರೆ ಬಾಗಿಲು ನೋಡುತ್ತಾನೆ.

"ಸಂದಿ ಬಿಟ್ರೆ ಬೀಳಲ್ವಾ?"

"ಗಾಳಿ ಹೋಗದ ಗೋಡೆನೇ ಬೀಳೋದು."

ಬಗ್ಗಿ ಊದಿದ. ಗೋಡೆ ನಿಂತಿತು. ನಾನು ಊದಿದೆ. ಎರಡು ಕುರಿ ಸತ್ತವು. ತೀವ್ರ ವಿಷಾದದಿಂದ ತಿಳಿಸುತ್ತೇನೆ.

ಹಳಿಯ ಎಡಕ್ಕೆ ಒಂದು ಮೂಲೆಯಲ್ಲಿ ಒಂಟಿ ಮುಳ್ಳುಮರವಿದೆ, ಗಾಳಿಗೆ ಒಂದೇ ಕಡೆ ಬಾಗಿದ್ದು. ಯಾವುದೋ ಬೇರಿನ ತುಂಡಿಗೆ ಕುದುರೆ ಕೂದಲು ಸಿಕ್ಕಿಸಿ ಮಾಡಿದ್ದಾನೆ. ಅದರ ಕೆಳಗೆ ಅಕ್ಕಿನುಚ್ಚಿನಂಥ ಬಿಳಿ ಕಾಳುಗಳು.

"ಇವೇನು ತಾತ, ಅಣಬೆನಾ?"

"ಕಲ್ಲು."

"ಯಾವ ಕಲ್ಲು?"

"ಬಿಳಿ ಕಲ್ಲು. ಆ ಮೂಲೆ ಮುಗಿದಿದೆ, ಕೈ ಹಾಕಬೇಡ. ಪ್ಲಾಸ್ಟರ್ ಗಟ್ಟಿಯಾಗ್ತಿದೆ, ತಿರುವು."

ಕೈ ಹಾಕಬೇಡ ಎಂದು ನನಗೆ ಹೇಳುವವರು ನನ್ನನ್ನು ಸರಿಯಾಗಿ ತಿಳಿದವರಲ್ಲ.

ಜನವರಿ 20, ಭಾನುವಾರ

ಚರ್ಚಿನ ಬಲಿಪೂಜೆಗೆ ಹೋಗುವಾಗ ತಾತನ ಹಿಂದೆ ಅವನದೇ ನಡಿಗೆ ಹಾಕಿಕೊಂಡು ಹೋದೆ. ಅವನು ಉದ್ದ ಕಾಲಿನ ಮನುಷ್ಯ, ಆದರೆ ಹೆಜ್ಜೆ ಅಳೆದು ಕತ್ತರಿಸಿದಂತೆ ಗಿಡ್ಡ. ಇಪ್ಪತ್ತೈದು ವರ್ಷ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಟ್ಟು ಡಾಂಬರು ರಸ್ತೆಯಲ್ಲೂ ಹಾಗೇ ಇಡುತ್ತಾನೆ. ಮಂಡಿ ಸ್ವಲ್ಪ ಎತ್ತಿ, ಹಿಮ್ಮಡಿ ಮೊದಲು ಊರಿ, ಎಡಭುಜ ಇಳಿಬಿಟ್ಟು. ಪಕ್ಕದ ಜಮೀನಿನ ಪ್ಯಾಕಿ ಟ್ರ್ಯಾಕ್ಟರ್ ನಿಲ್ಲಿಸಿ ನಕ್ಕ.

"ಅಚ್ಚು ಮಲಕಿನೇ. ಸುತ್ತಿಗೆ ಒಂದು ಕಮ್ಮಿ."

ತಾತ ತಿರುಗಿ ನೋಡಲಿಲ್ಲ. ನೋಡಿದರೂ ನಾನು ಕಾಣುತ್ತಿರಲಿಲ್ಲ.

ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಕೊಟ್ಟಿಗೆಗೆ ಹೋದ. ನೀಲಿ ಕೋಟಿನವಳನ್ನು ಎತ್ತಿದ. ಉಗುರಿನಿಂದ ಬೆಂಕಿಕಡ್ಡಿಗಳನ್ನು ಜಪಮಾಲೆಯ ಮಣಿಯಂತೆ ಮುಟ್ಟುತ್ತಾ ಆರು ಎಣಿಸಿ ಅಲ್ಲಿ ಇಳಿಸಿದ. "ಐನೂರ ಎಪ್ಪತ್ತಾರು," ಎಂದ, ಯಾರಿಗೂ ಅಲ್ಲ.

"ಎಲ್ಲಿಗೆ ಹೋಗ್ತಿದಾಳೆ?"

"ನಡೀತಿದಾಳೆ."

"ಟಿಕೆಟ್ ತಗೊಂಡಿದಾಳಾ?"

"ನೀನು ಬಾಯಿ ಮುಚ್ಚು, ಕತ್ತೆ."

ಪ್ರತಿ ಭಾನುವಾರ ಆರು ಕಡ್ಡಿಯಂತೆ ಗೇಟಿನಿಂದ ಇಲ್ಲಿಯವರೆಗೆ ಬಂದಿದ್ದಾಳಂತೆ. ಎದುರಿಗೆ ಮುಳ್ಳುಮರ ಬಿಟ್ಟರೆ ಬೇರೇನಿಲ್ಲ. ಹೆಂಗಸು ನಡೆಯಬಹುದಾದರೆ ಮರ ಯಾಕೆ ನಡೆಯಬಾರದು ಎಂಬ ಪ್ರಶ್ನೆ ನನ್ನನ್ನು ಮಧ್ಯಾಹ್ನವಿಡೀ ಕಾಡಿತು. ತಾತ ಕುರ್ಚಿಯಲ್ಲಿ ಗೊರಕೆ ಹೊಡೆಯುವಾಗ ಈ ಕೆಳಗಿನ ಆದೇಶ ಹೊರಡಿಸಿದೆ.

"ಸಾರ್ವಜನಿಕ ಹಿತದೃಷ್ಟಿಯಿಂದ, ಒಂಟಿ ಮುಳ್ಳುಮರವನ್ನು ಅದರ ಅವಲಂಬಿತ ಬಿಳಿ ಕಲ್ಲುಗಳ ಸಮೇತ ಒಂಬತ್ತು ಸ್ಲೀಪರ್ ಪೂರ್ವಕ್ಕೆ ವರ್ಗಾಯಿಸಲಾಗಿದೆ. ಪ್ರಯಾಣ ಭತ್ಯೆ ಇಲ್ಲ."

ಅಂಗೈಯಗಲದ ಒಂದೇ ತುಂಡಾಗಿ ಎದ್ದು ಬಂತು. ಹಳೆಯ ಗಾಯಕ್ಕೆ ಪ್ಲಾಸ್ಟರ್ ತುಂಬಿ ಹುಲ್ಲು ಉದುರಿಸಿದೆ. ಸ್ವತಃ ನನಗೇ ಗುರುತು ಸಿಗುವುದಿಲ್ಲ.

ಜನವರಿ 28

ಎರಡನೇ ವರ್ಗಾವಣೆ. ಹನ್ನೊಂದು ಸ್ಲೀಪರ್. ನಿನ್ನೆ ನೀಲಿ ಕೋಟು ಆರು ನಡೆದರೆ ಮರ ಇಂದು ಹನ್ನೊಂದು ನಡೆಯಿತು. ಈ ಪಂದ್ಯದಲ್ಲಿ ನನ್ನ ಪಾಲಿನ ಕುದುರೆ ಮರ.

ಪ್ಯಾಕಿ ಪತ್ರಿಕೆ ಕೊಡಲು ಬಂದವನು ಕೊಟ್ಟಿಗೆಯೊಳಗೆ ಇಣುಕಿದ. ತಾತ ಒಳಗೆ ಚಹಾ ಮಾಡುತ್ತಿದ್ದ. ನನ್ನ ಕೈಗೆ ಇನ್ನೂ ಅಂಟು ಮೆತ್ತಿತ್ತು.

"ಆ ಮರದ ಹತ್ತಿರ ಏನು ಕೆಲಸ ನಿನಗೆ?"

"ನೀರು ಹಾಕ್ತಿದ್ದೆ."

"ಒಂಟಿ ಮುಳ್ಳುಮರಾನ ಯಾರೂ ಮುಟ್ಟಲ್ಲ ಮಗಳೇ. ನಮ್ಮ ಚಿಕ್ಕಪ್ಪ ಒಂದು ಕೊಂಬೆ ಕಡಿದ, ಅವನ ಬಾಯಿ ಸೊಟ್ಟಗಾಯ್ತು."

"ಇದು ಬೊಂಬೆ ಮರ."

"ಹಾಗಾದ್ರೆ ಬೊಂಬೆ ಬಾಯಿ ಸೊಟ್ಟಗಾಗುತ್ತೆ."

ಕನ್ನಡಿಯಲ್ಲಿ ನೋಡಿಕೊಂಡೆ. ನೆಟ್ಟಗಿದೆ.

ನಿಜವಾದ ಮುಳ್ಳುಮರ ಈಗಿಲ್ಲವಂತೆ. ನಾನು ಹುಟ್ಟುವ ಮುಂಚೆಯೇ ಬಿರುಗಾಳಿಗೆ ಬಿತ್ತಂತೆ. ಅಲ್ಲಿ ಈಗ ಬರೀ ಮುಳ್ಳುಪೊದೆ, ಯಾರೂ ಹೋಗುವುದಿಲ್ಲ.

ಫೆಬ್ರವರಿ 1

ಸಂತ ಬ್ರಿಜಿಡ್ ದಿನ, ಮನೆ ಬಾಗಿಲಿಗೆ ಜೊಂಡಿನ ಶಿಲುಬೆ ಕಟ್ಟುವ ದಿನ. ತಾತ ಜೊಂಡಿನ ಒಂದು ಎಳೆ ಸೀಳಿ, ಹೆಬ್ಬೆರಳ ಉಗುರಿನಷ್ಟು ಶಿಲುಬೆ ಹೆಣೆದು ಹಲಗೆಯ ಮೇಲಿನ ಬೊಂಬೆ ಗೇಟ್ ಮನೆಯ ಬಾಗಿಲಿಗೆ ಅಂಟಿಸಿದ. ಒಂದೂವರೆ ಗಂಟೆ ಹಿಡಿಯಿತು. ನಾನು ಮಾಡಿಕೊಡುತ್ತೇನೆ ಎಂದೆ, ಕೊಡಲಿಲ್ಲ.

ನೀಲಿ ಕೋಟಿನವಳ ಹತ್ತಿರ ಬಗ್ಗಿ ಏನೋ ಹೇಳಿದ. ನಾನು ಬಾಗಿಲಲ್ಲಿದ್ದೆ. "ಇನ್ನು ಸ್ವಲ್ಪ ದಿನ," ಎಂದಂತೆ ಕೇಳಿಸಿತು.

ಇದರ ಬಗ್ಗೆ ಘನವಾದ ಒಂದು ವಾಕ್ಯ ಬರೆಯಬೇಕೆಂದು ಕೂತೆ. ಆಮೇಲೆ ಬರೆಯುತ್ತೇನೆ.

ಫೆಬ್ರವರಿ 9

ಮೂರನೇ ವರ್ಗಾವಣೆ. ಒಂಬತ್ತು. ಒಟ್ಟು ಇಪ್ಪತ್ತೊಂಬತ್ತು ಸ್ಲೀಪರ್. ಸರಕಾರಿ ನೌಕರನಾಗಿದ್ದರೆ ಇಷ್ಟರಲ್ಲಿ ಮರ ರಾಜೀನಾಮೆ ಕೊಟ್ಟಿರುತ್ತಿತ್ತು.

ನಿಜ ಹೇಳಬೇಕೆಂದರೆ ಈ ಸಲ ಅಷ್ಟು ಮಜಾ ಬರಲಿಲ್ಲ. ಕಂಡುಹಿಡಿಯುವವರೇ ಇಲ್ಲದಿದ್ದರೆ ತಮಾಷೆ ಎಷ್ಟು ದಿನ ಮಾಡುವುದು.

ಫೆಬ್ರವರಿ 17, ಭಾನುವಾರ

ಕಂಡುಹಿಡಿದ.

ನೀಲಿ ಕೋಟನ್ನು ಆರುನೂರಕ್ಕೆ ತಂದು ನಿಲ್ಲಿಸಿ, "ಇನ್ನೆರಡು ಭಾನುವಾರ," ಎಂದ. ಅವನ ಮುಖದಲ್ಲಿ ನಗು ಎಂಬುದನ್ನು ನಾನು ಮೊದಲ ಸಲ ನೋಡಿದ್ದು. ಆಮೇಲೆ ಇನ್ನೊಂದು ಕೈ ಚಾಚಿ ಮರವನ್ನು ಹುಡುಕಿದ. ಅಲ್ಲಿರಲಿಲ್ಲ. ಬೆರಳು ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು, ಮರ ಸಿಕ್ಕಿತು. ಹಿಂದಕ್ಕೆ ಬಂದು ಎಣಿಸಿದ. ನಲವತ್ತೊಂದು. ಮತ್ತೆ ಎಣಿಸಿದ. ಗೇಟಿಗೆ ಹೋಗಿ ಒಂದರಿಂದ ಶುರು ಮಾಡಿದ. ಕೊಟ್ಟಿಗೆ ತಣ್ಣಗಿತ್ತು. ಆರುನೂರ ನಲವತ್ತೊಂದರಲ್ಲಿ ನಿಂತ.

ನಾನು ನಗುವುದಕ್ಕೆ ಸಿದ್ಧಳಾಗಿದ್ದೆ. "ಎಲ್ಲಿ, ಮರ ವಾಕಿಂಗ್ ಹೋಗಿತ್ತಾ?" ಎಂಬ ಮಾತನ್ನು ಮೂರು ವಾರದಿಂದ ತಯಾರು ಮಾಡಿಟ್ಟುಕೊಂಡಿದ್ದೆ.

"ಬ್ರೋನಾ, ಇವತ್ತು ಯಾವ ವಾರ?" ಎಂದ.

"ಭಾನುವಾರ."

"ತಿಂಗಳು?"

"ಫೆಬ್ರವರಿ."

"ಸರಿ. ಅದು ಗೊತ್ತಿದೆ ನನಗೆ." ಹಲಗೆಯ ಅಂಚು ಹಿಡಿದುಕೊಂಡು ನಿಂತಿದ್ದ. "ಮರ ಇಟ್ಟಾಗ ತಲೆ ಸರಿಯಿತ್ತು. ಹಾಗಾದ್ರೆ ಈಗ ತಲೆ ಸರಿಯಿಲ್ಲ."

ಹೇಳಬೇಕೆಂದಿದ್ದೆ. ಆಲೂಗಡ್ಡೆ ಒಲೆಯ ಮೇಲಿತ್ತು. ಊಟವಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಊಟವಾದ ಮೇಲೆ ಅವನು ಮಲಗಿದ.

ಫೆಬ್ರವರಿ 18

ಇಂದು ಹೇಳಲಾಗಲಿಲ್ಲ. ನಾಳೆ ಮರವನ್ನು ಸದ್ದಿಲ್ಲದೆ ವಾಪಸ್ ಇಟ್ಟುಬಿಡುತ್ತೇನೆ. ಅದೇ ಸುಲಭ.

ಫೆಬ್ರವರಿ 19

ನಾನು ಏಳುವಷ್ಟರಲ್ಲಿ ತಾತ ಮನೆಯಲ್ಲಿರಲಿಲ್ಲ. ಮಳೆ. ಕೋಟು ಗೂಟದಲ್ಲೇ ಇತ್ತು, ಬೂಟು ಇರಲಿಲ್ಲ. ಊರಿನ ಕಡೆ ಹುಡುಕಿದೆ. ಹಳಿಯ ಕಡೆ ಯಾಕೆ ಹುಡುಕಲಿಲ್ಲವೋ ಗೊತ್ತಿಲ್ಲ. ಗೊತ್ತಿದೆ.

ಹನ್ನೊಂದು ಗಂಟೆಗೆ ಪ್ಯಾಕಿಯ ನಾಯಿ ಕಂಡುಹಿಡಿಯಿತು. ಹಳೆಯ ಹಳಿದಾರಿಯ ಪಕ್ಕದ ಚರಂಡಿಯಲ್ಲಿ, ಸೊಂಟದವರೆಗೆ ನೀರಿನಲ್ಲಿ. ಎಣಿಸುತ್ತಾ ಹೋದವನು ಜಾರಿ ಬಿದ್ದಿದ್ದಾನೆ. ಪ್ಯಾಕಿ ಎತ್ತುವಾಗ, "ತಡಿ, ಲೆಕ್ಕ ತಪ್ಪುತ್ತೆ," ಎಂದನಂತೆ.

ಸೊಂಟದ ಮೂಳೆ ಮುರಿದಿದೆ. ಮೂರು ಗಂಟೆ ತಣ್ಣೀರಿನಲ್ಲಿದ್ದ.

ಫೆಬ್ರವರಿ 21

ಎದೆಯಲ್ಲಿ ನೀರು. ಅಮ್ಮ ಕೆಲಸಕ್ಕೆ ರಜೆ ಹಾಕಿ ಬಂದಿದ್ದಾಳೆ. ಇಬ್ಬರೂ ಆಸ್ಪತ್ರೆಯಲ್ಲಿ ಸರದಿಯ ಮೇಲೆ ಕೂರುತ್ತಿದ್ದೇವೆ.

ಫೆಬ್ರವರಿ 23, ಶನಿವಾರ

ಮಧ್ಯಾಹ್ನ ಎಚ್ಚರವಾಗಿದ್ದ. ಅಮ್ಮ ಚಹಾ ತರಲು ಹೋಗಿದ್ದಳು. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಿಮ್ಮಮ್ಮನಿಗಿಂತ ಮುಂಚೆ ಒಂದು ಹೆಣ್ಣು ಮಗು. ಅರವತ್ತೊಂದರಲ್ಲಿ. ಉಸಿರೇ ಎಳೀಲಿಲ್ಲ. ಜ್ಞಾನಸ್ನಾನ ಆಗಿರಲಿಲ್ಲ, ಹಾಗಾಗಿ ಚರ್ಚಿನ ಮಣ್ಣು ಕೊಡಲ್ಲ ಅಂದ್ರು ಫಾದರ್. ಆಗ ಹಾಗೇ. ಅಂಥ ಮಕ್ಕಳನ್ನ ಅಪ್ಪಂದಿರೇ ತಗೊಂಡು ಹೋಗಿ ಆ ಮುಳ್ಳುಮರದ ಕೆಳಗೆ ಹಾಕೋರು, ಬಿಸಿಲು ಬರೋಕೆ ಮುಂಚೆ. ಒಂದು ಬಿಳಿ ಕಲ್ಲು ಇಡೋದು. ಹೆಸರಿಲ್ಲ, ಏನಿಲ್ಲ. ತಾಯಂದಿರನ್ನ ಕರ್ಕೊಂಡು ಹೋಗೋ ಹಾಗಿಲ್ಲ, ಹೇಳೋ ಹಾಗಿಲ್ಲ."

"ನೀನು ಹೇಗೆ ತಗೊಂಡು ಹೋದೆ?"

"ಸಿಗ್ನಲ್ ದೀಪದ ಗಾಜು ಬರೋ ಪೆಟ್ಟಿಗೆ ಇತ್ತು. ಒಳಗೆ ಹುಲ್ಲು. ಹೆಗಲ ಮೇಲೆ ಸುತ್ತಿಗೆ, ಕಂಕುಳಲ್ಲಿ ಪೆಟ್ಟಿಗೆ. ನೋಡಿದೋರು ಕೆಲಸಕ್ಕೆ ಹೊರಟಿದಾನೆ ಅಂದ್ಕೊಂಡ್ರು. ಬೆಳಗಿನ ಗಾಡಿ ಬರೋಕೆ ಮುಂಚೆ ಮುಗಿಸಿದೆ. ಆಮೇಲೆ ಕೆಲಸಕ್ಕೇ ಹೋದೆ."

ಸ್ವಲ್ಪ ಹೊತ್ತು ಕೆಮ್ಮಿದ.

"ಗಾಡಿ ನಿಲ್ಲೋವರೆಗೂ ದಿನಾ ಅವಳ ಪಕ್ಕದಲ್ಲೇ ನಡೀತಿದ್ದೆ. ನೋರಾ ಕೇಳೋಳು, ಎಲ್ಲಿ ಅಂತ. ಒಳ್ಳೆ ಜಾಗ ಅಂತಿದ್ದೆ. ಒಂದು ದಿನ ಕರ್ಕೊಂಡು ಹೋಗ್ತೀನಿ ಅಂತ ಐವತ್ತಾರು ವರ್ಷ. ಅವಳು ಹೋದಮೇಲೆ ಕೊಟ್ಟಿಗೇಲಾದ್ರೂ ನಡೆಸೋಣ ಅಂತ ಶುರು ಮಾಡಿದೆ. ಗೇಟಿನಿಂದ ಆರುನೂರ ಹನ್ನೆರಡನೇ ಸ್ಲೀಪರ್, ಎಡಕ್ಕೆ ಮೂರು ಗಜ ಅಂತ ತಲೇಲಿ ಇತ್ತು. ಈಗ ಮರ ಆರುನೂರ ನಲವತ್ತೊಂದು ಅನ್ನುತ್ತೆ. ಮಗೂನ ಕಳ್ಕೊಂಡುಬಿಟ್ಟೆ ಬ್ರೋನಾ. ಎರಡನೇ ಸಲ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಒಂಬತ್ತು, ಹನ್ನೊಂದು, ಒಂಬತ್ತು.

ಅವನು ನನ್ನ ಕೈ ತಟ್ಟಿದ.

"ನಿನಗೆ ಸುಳ್ಳು ಸಲೀಸು ಮಗಾ. ಮುದುಕನಿಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀಯ. ಒಳ್ಳೇದು ಮಾಡಿದೆ."

"ಸುಳ್ಳಲ್ಲ ತಾತ."

"ಆ ಮೇಷ್ಟ್ರು ಸತ್ತಿದ್ದೂ ಸುಳ್ಳಲ್ಲ ಅಂದಿದ್ದೆಯಂತೆ." ಅವನು ನಗಲು ನೋಡಿದ. ನಗು ಕೆಮ್ಮಾಯಿತು. ನರ್ಸ್ ನನ್ನನ್ನು ಹೊರಗೆ ಕಳಿಸಿದಳು.

ಫೆಬ್ರವರಿ 24

ಅಮ್ಮನಿಗೆ ಹೇಳಿದೆ. ಆಸ್ಪತ್ರೆಯ ಕಾರ್ ನಿಲ್ದಾಣದಲ್ಲಿ. ಗೇರು ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು, ಬದಲಾಯಿಸಲಿಲ್ಲ.

"ಅಮ್ಮ ಪ್ರತಿ ಏಪ್ರಿಲ್‌ನಲ್ಲಿ ಒಂದು ದಿನ ಮಾತಾಡ್ತಿರಲಿಲ್ಲ," ಎಂದಳು, ನೋರಾ ಅಜ್ಜಿಯ ಬಗ್ಗೆ. "ತಲೆನೋವು ಅಂತಿದ್ದರು."

ಆಮೇಲೆ, "ಮರಾನ ನೀನು ಕಿತ್ತಿಟ್ಟೆಯಾ?"

"ಹೌದು."

"ಇಳಿ."

ಮನೆಗೆ ಬಸ್ಸಿನಲ್ಲಿ ಬಂದೆ.

ಫೆಬ್ರವರಿ 25

ಬೆಳಿಗ್ಗೆ ಮಳೆ ನಿಂತಿತ್ತು. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ನನ್ನ ಹೆಜ್ಜೆಯಲ್ಲಿ ಎಣಿಸಿ ಪ್ರಯೋಜನವಿಲ್ಲ, ಸ್ಲೀಪರುಗಳು ಹೋಗಿ ಕಾಲವಾಗಿದೆ. ಉಳಿದಿರುವುದು ತಾತನ ನಡಿಗೆ. ಅದು ನನಗೆ ಬರುತ್ತದೆ.

ಮಂಡಿ ಎತ್ತಿ, ಹಿಮ್ಮಡಿ ಮೊದಲು, ಎಡಭುಜ ಕೆಳಗೆ.

ನೂರ ಎಂಬತ್ತರಲ್ಲಿ ಮುಳ್ಳಿಗೆ ಕೋಟು ಸಿಕ್ಕಿ ಲೆಕ್ಕ ತಪ್ಪಿತು. ವಾಪಸ್ ಬಂದೆ. ಮುನ್ನೂರ ಚಿಲ್ಲರೆಯಲ್ಲಿ ಕೆಸರಿನಲ್ಲಿ ಜಾರಿ, ಹೆಜ್ಜೆ ಉದ್ದವಾಯಿತೆಂದು ಅನುಮಾನ ಬಂತು. ವಾಪಸ್ ಬಂದೆ. ಮೂರನೇ ಸಲ ನಾನೂರು ದಾಟಿದಾಗ ಗೋಡೆಯಾಚೆ ಪ್ಯಾಕಿಯ ಟ್ರ್ಯಾಕ್ಟರ್ ನಿಂತಿತು.

"ಏ, ಏನೇ ಅದು? ಆಸ್ಪತ್ರೇಲಿ ಮಲಗಿರೋ ಮನುಷ್ಯನ್ನೂ ಅಣಕಿಸ್ತೀಯಾ?"

ನಾನೂರ ಹದಿನೇಳು. ನಾನೂರ ಹದಿನೆಂಟು.

"ಬಾಯಲ್ಲಿ ಏನಿಟ್ಕೊಂಡಿದೀಯ? ನಾಚಿಕೆ ಆಗಲ್ವಾ ನಿನಗೆ? ನಾನೇ ಎತ್ತಿದ್ದು ಅವನನ್ನ, ಆ ಚರಂಡಿಯಿಂದ."

ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತಿತ್ತು. ನಡೆದೆ. ಇನ್ನೂ ಏನೇನೋ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಆರುನೂರ ಹನ್ನೆರಡು. ಎಡಕ್ಕೆ ಮೂರು ಗಜ. ಕತ್ತಿಯಿಂದ ಪೊದೆ ಸವರಿದೆ. ಕೊಳೆತ ಬೊಡ್ಡೆಯೊಂದಿತ್ತು, ಕೈ ಹಾಕಿದರೆ ಪುಡಿಯಾಯಿತು. ಸುತ್ತ ಪಾಚಿ. ಪಾಚಿ ಒರೆಸಿದರೆ ಕೆಳಗೆ ಬಿಳಿ. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಇನ್ನೊಂದು. ಎಣಿಸಲು ಶುರು ಮಾಡಿ ನಿಲ್ಲಿಸಿದೆ.

ಬೊಡ್ಡೆಗೆ ಅಂಟಿಕೊಂಡ ಹಾಗಿದ್ದ ಕಲ್ಲಿನ ಬದಿಯಲ್ಲಿ, ನೆಲದಿಂದ ಅರ್ಧ ಬೆರಳು ಮೇಲೆ, ಚೌಕ ತಲೆಯ ಒಂದು ಕಬ್ಬಿಣ. ಬೇರೆ ಯಾವ ಕಲ್ಲಿಗೂ ಇರಲಿಲ್ಲ. ಅಂಥದ್ದೇ ಮೊಳೆಯನ್ನು ನಾನು ದಿನಾ ಕೈಯಲ್ಲಿ ಹಿಡಿದು ಬೆಟ್ಟ ತಟ್ಟುತ್ತಿದ್ದೆ.

ಕೀಳಲಿಲ್ಲ. ಅಲ್ಲಿಂದ ಏನನ್ನೂ ತರಲಿಲ್ಲ.

ಫೆಬ್ರವರಿ 26

ಆಮ್ಲಜನಕದ ಮುಸುಕು ಹಾಕಿದ್ದರು. ಕಿವಿಯ ಹತ್ತಿರ ಬಗ್ಗಿ ಹೇಳಿದೆ.

"ತಾತ, ಆರುನೂರ ಹನ್ನೆರಡಕ್ಕೆ ಹೋಗಿದ್ದೆ. ಅಲ್ಲಿ ರೈಲುಮೊಳೆ ಇದೆ."

ಅವನು ಮುಸುಕು ಸರಿಸಿದ.

"ಮೊಳೆ ವಿಷಯ ನಾನು ಯಾರಿಗೂ ಹೇಳಿಲ್ಲ."

"ಗೊತ್ತು."

"ನೋರಾಗೂ ಹೇಳಿಲ್ಲ."

"ನಿನ್ನ ಲೆಕ್ಕ ಸರಿಯಾಗೇ ಇತ್ತು. ಮರ ಕದ್ದಿದ್ದು ನಾನು."

ಅವನು ಬಾಗಿಲ ಕಡೆ ನೋಡಿದ. ಅಂದರೆ ನನ್ನನ್ನು ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಕ್ಷಮಿಸಿದೆ ಎಂದು ಹೇಳಲಿಲ್ಲ. ಹೇಳಿದ ಎಂದು ಬರೆಯಬಹುದಿತ್ತು, ಇಲ್ಲಿ ನೋಡುವವರು ಯಾರಿದ್ದಾರೆ.

"ನೆಟ್ಟಗಿದೆಯಾ?" ಎಂದು ಕೇಳಿದ.

"ನೆಟ್ಟಗಿದೆ. ತಲೆ ಮೇಲಕ್ಕಿದೆ."

"ಮಂಜು ಬಿದ್ರೆ ಮೊಳೆ ಮೇಲೆದ್ದು ಬರುತ್ತೆ. ವರ್ಷಕ್ಕೊಂದು ಸಲ ತಟ್ಟಬೇಕು."

"ತಟ್ತೀನಿ."

"ಜೋರಾಗಿ ಬೇಡ."

ಮಾರ್ಚ್ 1, ಶುಕ್ರವಾರ

ಬೆಳಿಗ್ಗೆ ಆರೂ ನಲವತ್ತಕ್ಕೆ. ಅಮ್ಮ ಒಂದು ಕೈ ಹಿಡಿದಿದ್ದಳು, ನಾನು ಒಂದು. ಅವನ ಬೆರಳು ಹೊದಿಕೆಯ ಅಂಚನ್ನು ಮುಟ್ಟಿ ಮುಟ್ಟಿ ಬಿಡುತ್ತಿತ್ತು, ಆಮೇಲೆ ನಿಂತಿತು.

ರೇಡಿಯೊಗೆ ತಾವೇ ತಿಳಿಸುತ್ತೇವೆಂದು ಶವಪೆಟ್ಟಿಗೆ ಅಂಗಡಿಯವರು ಹೇಳಿದರು. ಅಮ್ಮ ನನ್ನ ಕಡೆ ನೋಡಿದಳು. "ಅವಳು ಮಾಡ್ತಾಳೆ," ಎಂದಳು.

ಕನ್ಸೆಪ್ಟಾ ಮೇಡಂ ಫೋನ್ ಎತ್ತಿಕೊಂಡರು.

"ನಿಧನ ವಾರ್ತೆ ಬರೆಸಬೇಕಿತ್ತು."

"ಈ ಧ್ವನಿ ನನಗೆ ಗೊತ್ತು," ಎಂದರು.

"ಹೌದು ಮೇಡಂ."

"ನಿನ್ನಿಂದ ನನ್ನ ಕೆಲಸ ಹೋಗೋದರಲ್ಲಿತ್ತು, ಗೊತ್ತಾ? ಈ ಸಲ ಯಾರು? ಪ್ರಾಂಶುಪಾಲರಾ?"

"ನಮ್ಮ ತಾತ. ಮಲಕಿ ಗಿಲ್‌ಹೂಲಿ."

ಫೋನ್ ಇಟ್ಟರು. ಆಸ್ಪತ್ರೆಗೆ ಕೇಳಿರಬೇಕು, ಕಾಲು ಗಂಟೆ ಬಿಟ್ಟು ಅವರೇ ಮಾಡಿದರು. "ಹೇಳು, ಬರ್ಕೋತೀನಿ." ಹೇಳಿದೆ. ಅವರಿಗಿಂತ ಮುಂಚೆ ತೀರಿಕೊಂಡವರು ಎಂಬ ಸಾಲಿಗೆ ಬಂದು, ಪತ್ನಿ ನೋರಾ ಮತ್ತು ಮೊದಲ ಮಗಳು ಎಂದಾಗ ಅವರು ನಿಲ್ಲಿಸಿದರು.

"ಮಲಕಿಗೆ ಒಬ್ಬಳೇ ಮಗಳು. ಡಿಂಪ್ನಾ ನನ್ನ ಜೊತೆ ಓದಿದವಳು. ತಾತ ಸತ್ತ ದಿನಾನೂ ಬಿಡಲ್ವೇನೇ ನೀನು?"

ಹೇಳಿದೆ. ಅರವತ್ತೊಂದು, ಏಪ್ರಿಲ್, ಜ್ಞಾನಸ್ನಾನವಿಲ್ಲ, ಹಳಿಯ ಪಕ್ಕದ ಮುಳ್ಳುಮರ.

ಆ ಕಡೆ ಪೆನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಮತ್ತೆ ಫೋನ್ ಇಡುತ್ತಾರೆ ಎಂದುಕೊಂಡೆ.

"ನಮ್ಮಮ್ಮಂದೂ ಒಂದು ಅಲ್ಲೆಲ್ಲೋ ಇದೆ ಅಂತಿದ್ರು," ಎಂದರು. "ಗಂಡು. ಅಪ್ಪ ಜಾಗ ತೋರಿಸದೇ ಹೋದ್ರು." ಮೂಗು ಒರೆಸಿಕೊಂಡ ಸದ್ದು. "ಗೇಟಿನಿಂದ ಎಷ್ಟು ದೂರ?"

"ಆರುನೂರ ಹನ್ನೆರಡು."

"ಏನು, ಅಡಿನಾ, ಗಜನಾ?"

"ತಾತನ ಹೆಜ್ಜೆ ಮೇಡಂ. ಬನ್ನಿ, ನಡೆದು ತೋರಿಸ್ತೀನಿ."

ಮಾರ್ಚ್ 2

ಒಂಬತ್ತೂ ಹತ್ತಕ್ಕೆ ಓದಿದರು. ಅಡುಗೆಮನೆಯಲ್ಲಿ ನಾನು, ಅಮ್ಮ, ಪ್ಯಾಕಿ ನಿಂತು ಕೇಳಿದೆವು.

"ಮಲಕಿ ಗಿಲ್‌ಹೂಲಿ, ಗೇಟ್ ಮನೆ, ಕ್ಲೂನ್‌ಬರಾ. ಹಿಂದೆ ರೈಲ್ವೆಯಲ್ಲಿದ್ದವರು. ಪತ್ನಿ ನೋರಾ ಮತ್ತು ಮೊದಲ ಮಗಳು ಅವರಿಗಿಂತ ಮುಂಚೆ ತೀರಿಕೊಂಡಿದ್ದಾರೆ. ಮಗಳು ಡಿಂಪ್ನಾ, ಮೊಮ್ಮಗಳು ಬ್ರೋನಾ, ನೆರೆಹೊರೆಯವರು ದುಃಖದಲ್ಲಿದ್ದಾರೆ. ಅಂತ್ಯಸಂಸ್ಕಾರ ನಾಳೆ ಹನ್ನೊಂದಕ್ಕೆ."

ಪ್ಯಾಕಿ ಟೋಪಿ ತೆಗೆದು ನಿಂತಿದ್ದ. "ಅವತ್ತು ಎಣಿಸ್ತಿದ್ದೆಯಾ?" ಎಂದ ನನಗೆ. ತಲೆಯಾಡಿಸಿದೆ. ಚಹಾ ಕುಡಿಯದೆ ಹೋದ. ಮಧ್ಯಾಹ್ನ ನೋಡಿದರೆ ಗೇಟಿನಿಂದ ಹಳಿದಾರಿಯುದ್ದಕ್ಕೂ ಮುಳ್ಳುಪೊದೆ ಕಡಿದು ಹಾಕಿದ್ದ. ಬೊಡ್ಡೆಯಿಂದ ಇಪ್ಪತ್ತು ಹೆಜ್ಜೆ ಈಚೆಗೇ ನಿಲ್ಲಿಸಿದ್ದ.

ಜನ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬರುತ್ತಲೇ ಇದ್ದಾರೆ. ಹ್ಯಾನ್ರಾಟಿ ಮೇಷ್ಟ್ರು ಕೂಡ ಬಂದರು. ನನ್ನ ಕೈ ಕುಲುಕಿ, "ನಿಮ್ಮ ದುಃಖದಲ್ಲಿ ನಾವಿದ್ದೇವೆ," ಎಂದರು, ಎಲ್ಲರಿಗೂ ಹೇಳುವ ಹಾಗೇ. ಅವರ ತಾಯಿ ಹೇಗಿದ್ದಾರೆ ಎಂದು ಕೇಳಿದೆ. ಊರುಗೋಲು ಹಿಡಿದು ನಡೆಯುತ್ತಾರಂತೆ. ಮೊದಲು ಬೇಕಿರಲಿಲ್ಲವಂತೆ.

ಮಾರ್ಚ್ 3, ಭಾನುವಾರ

ಮಣ್ಣು ಮುಗಿದ ಮೇಲೆ ಮನೆಯ ಮುಂದೆ ಒಂಬತ್ತು ಜನ ನಿಂತಿದ್ದರು. ಎಲ್ಲರೂ ವಯಸ್ಸಾದವರು, ಹೆಚ್ಚಿನವರು ಹೆಂಗಸರು. ಅವರಿಗೆ ಹೇಳಿ ಕರೆತಂದ ಕನ್ಸೆಪ್ಟಾ ಮೇಡಂ ಗದ್ದೆಗೆ ಹಾಕುವ ಬೂಟು ಹಾಕಿಕೊಂಡು ಬಂದಿದ್ದರು. ಒಬ್ಬ ಅಜ್ಜಿಯನ್ನು ಮಗ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದಿದ್ದ.

ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ತಾತನ ಹಾಗೆ ನಡೆದೆ. ಹಿಂದೆ ಅಮ್ಮ ಗಟ್ಟಿಯಾಗಿ ಎಣಿಸಿದಳು. ಯಾರೂ ನಗಲಿಲ್ಲ. ಅಲ್ಲಿ ಅವರು ಬಹಳ ಹೊತ್ತು ಇದ್ದರು. ನಾನು ಹಳಿದಾರಿಯಲ್ಲಿ ಕಾದೆ.

ಸಂಜೆಗೆ ಮುಂಚೆ ಕೊಟ್ಟಿಗೆಗೆ ಹೋದೆ. ಮರವನ್ನು ಕಲ್ಲುಗಳ ಸಮೇತ ಎತ್ತಿ ಆರುನೂರ ಹನ್ನೆರಡಕ್ಕೆ ತಂದೆ. ಹತ್ತು ನಿಮಿಷದಲ್ಲಿ ಅಂಟು ಹಿಡಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆ. ಅರ್ಧ ಗಂಟೆ ಹಿಡಿದುಕೊಂಡಿದ್ದೆ.

ನೀಲಿ ಕೋಟು ಇನ್ನೂ ಆರುನೂರರಲ್ಲೇ ಇತ್ತು. ಕಳೆದ ಭಾನುವಾರ ಅದನ್ನು ಯಾರೂ ನಡೆಸಿರಲಿಲ್ಲ. ಎರಡು ವಾರದ್ದು ಸೇರಿಸಿ ಹನ್ನೆರಡು. ಎತ್ತಿ ನೇರವಾಗಿ ಅಲ್ಲಿಡಬಹುದಿತ್ತು.

ಒಂದೊಂದೇ ಕಡ್ಡಿ ಮುಟ್ಟಿ ನಡೆಸಿದೆ.